ಸುಣ್ಣದ ಗೆರೆಯ ಗಣಿತ

ಮಗ್ಗಿ ತಪ್ಪಿದರೆ ಹತ್ತು ಬಸ್ಕಿ. ಹೋಂವರ್ಕ್ ತಾರದಿದ್ದರೆ ಮೈದಾನಕ್ಕೆ ಮೂರು ಸುತ್ತು. ಪದ್ಯ ಬಾಯಿಪಾಠ ಬಾರದಿದ್ದರೆ ಬೆಂಚಿನ ಮೇಲೆ ಒಂಟಿಕಾಲು. ನಮ್ಮ ಶಾಲೆಗಳು ಪಾಠವನ್ನೂ ಮೈಯನ್ನೂ ಒಂದಕ್ಕೊಂದು ಕೂಡಿಸಿದ್ದು ಬಹುಕಾಲ ಹೀಗೆಯೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ನಿಷೇಧಿಸಿದ ಮೇಲೆ ಬಸ್ಕಿ ಕಡಿಮೆಯಾಯಿತು. ಪೂರ್ತಿ ನಿಂತಿತೆಂದು ಯಾರೂ ಆಣೆ ಇಟ್ಟು ಹೇಳಲಾರರು. ಓಡುವುದು, ಬಗ್ಗುವುದು, ಬೆವರುವುದು ಇವೆಲ್ಲ ಪಾಠ ಬಾರದವನಿಗೆ ಹಾಕುವ ದಂಡ ಎಂಬ ಭಾವನೆ ಮಾತ್ರ ಕಾಯ್ದೆಗೆ ಸಿಗದೆ ಉಳಿದುಕೊಂಡಿತು.

ಎರಡನೆಯ ಬಗೆಯ ಕೂಡಿಕೆಯೂ ಉಂಟು. ಅದನ್ನು ಯಾವ ಕಾಯ್ದೆಯೂ ನಿಷೇಧಿಸಿಲ್ಲ. ದಸರಾ ರಜೆ ಮುಗಿದು ಶಾಲೆ ಮತ್ತೆ ತೆರೆಯುತ್ತಿದ್ದಂತೆ ಹತ್ತನೇ ತರಗತಿಯ ವೇಳಾಪಟ್ಟಿಯಲ್ಲಿ ಪಿ.ಟಿ. ಪೀರಿಯಡ್ ಹೆಸರಿಗಷ್ಟೇ ಉಳಿಯುತ್ತದೆ. ಪೋರ್ಷನ್ ಮುಗಿದಿಲ್ಲವೆಂದು ವಿಜ್ಞಾನದವರು ಒಂದು ವಾರ ಕೇಳಿ ಪಡೆಯುತ್ತಾರೆ, ಗಣಿತದವರು ಮುಂದಿನ ವಾರ ಕೇಳದೆಯೇ ಬಂದು ನಿಲ್ಲುತ್ತಾರೆ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರವಾದಾಗ ದೈಹಿಕ ಶಿಕ್ಷಕರೇ ‘ತಗೊಳ್ಳಿ ಸಾರ್’ ಎಂದು ಬಿಟ್ಟುಕೊಡುತ್ತಾರೆ. ಕೊಟ್ಟ ಪೀರಿಯಡ್ ವಾಪಸ್ ಬಂದ ಉದಾಹರಣೆ ಅಪರೂಪ.

ಈಗ ಮೂರನೆಯ ಬಗೆಯ ಮಾತು ಕೇಳಿಬರುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕಲೆಯ ಜೊತೆಗೆ ಕ್ರೀಡೆಯನ್ನೂ ಇತರ ವಿಷಯಗಳ ಬೋಧನೆಯಲ್ಲಿ ಬೆರೆಸಬೇಕು, ಅದರಲ್ಲಿ ದೇಸಿ ಆಟಗಳಿಗೂ ಜಾಗವಿರಬೇಕು ಎಂದಿತು. ಆ ನೀತಿಯನ್ನು ಮೊದಲು ಸ್ವಾಗತಿಸಿದ್ದ ಕರ್ನಾಟಕ, ಸರ್ಕಾರ ಬದಲಾದ ಮೇಲೆ ಅದನ್ನು ಬದಿಗಿಟ್ಟು, 2023ರಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ತನ್ನದೇ ಶಿಕ್ಷಣ ನೀತಿ ಆಯೋಗವನ್ನು ನೇಮಿಸಿತು. ನೀತಿ ಯಾವುದೇ ಇರಲಿ, ಆಟ ಮತ್ತು ಪಾಠವನ್ನು ಬೆಸೆಯಬೇಕೆಂಬ ಆಸೆಗೆ ಈಗ ವಿರೋಧವಿಲ್ಲ. ವಿರೋಧವಿಲ್ಲದ ಮಾತುಗಳ ಬಗ್ಗೆಯೇ ಸ್ವಲ್ಪ ಹುಷಾರಾಗಿರುವುದು ಒಳ್ಳೆಯದು. ಬೆಸುಗೆ ಎಂಬ ಚೆಂದದ ಹೆಸರಿನಲ್ಲಿ ಗಣಿತವು ಆಟದ ಪೀರಿಯಡ್‌ನೊಳಗೆ ಹೋಗಿ ಕೂರುವುದಾದರೆ, ನಡೆಯುತ್ತಿರುವ ಒತ್ತುವರಿಗೆ ಸರ್ಕಾರಿ ಮೊಹರು ಬಿದ್ದ ಹಾಗಾಗುತ್ತದೆ. ಹೋಗಬೇಕಾದ ದಾರಿ ಇದಕ್ಕೆ ತಿರುಗುಮುರುಗು. ಗಣಿತ, ಕನ್ನಡ, ವಿಜ್ಞಾನಗಳು ತಮ್ಮ ಸಮಯವನ್ನು ತಾವೇ ಹೊತ್ತುಕೊಂಡು ಮೈದಾನಕ್ಕೆ ಬರಬೇಕು. ಅಲ್ಲಿ ಬರಮಾಡಿಕೊಳ್ಳಬೇಕಾದವರು ದೈಹಿಕ ಶಿಕ್ಷಕರು.

ಹೇಳಿಕೊಡಲು ಅವರ ಬಳಿ ಏನಿದೆ ಎಂದು ಕೇಳುವವರು ಹೋಬಳಿ ಮಟ್ಟದ ಕ್ರೀಡಾಕೂಟದ ಹಿಂದಿನ ದಿನ ಯಾವುದಾದರೂ ಪ್ರೌಢಶಾಲೆಯ ಮೈದಾನಕ್ಕೆ ಹೋಗಿ ನೋಡಬೇಕು. ಗೂಟ, ಹಗ್ಗ, ಅಳತೆ ಟೇಪು, ಬಕೆಟ್ಟಿನಲ್ಲಿ ಸುಣ್ಣದ ಪುಡಿ. ಇಬ್ಬರು ಮೂವರು ದೈಹಿಕ ಶಿಕ್ಷಕರು ಟ್ರ್ಯಾಕ್ ಹಾಕುತ್ತಿರುತ್ತಾರೆ. ಅವರ ಜೇಬಿನ ಪುಟ್ಟ ಪುಸ್ತಕದಲ್ಲಿ ಕೆಲವು ಅಂಕಿಗಳು ಬರೆದಿರುತ್ತವೆ. 400 ಮೀಟರ್ ಟ್ರ್ಯಾಕಿನ ಪ್ರಮಾಣಿತ ಅಳತೆ ಇದು: ಎರಡು ನೇರ ಭಾಗಗಳು ತಲಾ 84.39 ಮೀಟರ್, ಎರಡು ಅರ್ಧವೃತ್ತಗಳ ಒಳ ಅಂಚಿನ ತ್ರಿಜ್ಯ 36.50 ಮೀಟರ್. ಓಡುವವನು ಅಂಚನ್ನು ತುಳಿದುಕೊಂಡೇ ಓಡುವುದಿಲ್ಲವಲ್ಲ, ಅದಕ್ಕೆ ಮೊದಲ ಲೇನನ್ನು ಅಂಚಿನಿಂದ 30 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ. ಹಾಗಾಗಿ ಲೆಕ್ಕಕ್ಕೆ ಹಿಡಿಯುವ ತ್ರಿಜ್ಯ 36.80. ಎರಡು ಅರ್ಧವೃತ್ತ ಸೇರಿದರೆ ಒಂದು ಪೂರ್ಣ ವೃತ್ತ. ಅದರ ಪರಿಧಿ 231.22, ನೇರ ಭಾಗಗಳು ಸೇರಿ 168.78. ಕೂಡಿದರೆ ಸರಿಯಾಗಿ 400.

ಇದೇ ಲೆಕ್ಕವನ್ನು ಪೈ ಬೆಲೆ 22/7 ಎಂದು ಹಿಡಿದು ಮಾಡಿದರೆ ಸುತ್ತಿನ ಉದ್ದ 9 ಸೆಂಟಿಮೀಟರ್ ಹೆಚ್ಚು ಬರುತ್ತದೆ. ‘ಪೈ ಬೆಲೆ 22/7 ಎಂದು ತೆಗೆದುಕೊಳ್ಳಿ’ ಎಂಬ ಸಾಲನ್ನು ವರ್ಷವಿಡೀ ಓದುವ ಹುಡುಗಿಗೆ ಆ ಬೆಲೆ ಹತ್ತಿರದ್ದು ಮಾತ್ರ, ನಿಖರವಾದದ್ದಲ್ಲ ಎಂಬುದು ಪುಸ್ತಕದಲ್ಲಿ ಓದಿದರೂ ಮನಸ್ಸಿಗೆ ನಾಟುವುದಿಲ್ಲ. ಒಂಬತ್ತು ಸೆಂಟಿಮೀಟರ್ ಅಂತರದಲ್ಲಿ ಪದಕ ಕೈತಪ್ಪಬಹುದು ಎಂದಾಗ ನಾಟುತ್ತದೆ.

ಇದಕ್ಕಿಂತ ಸ್ವಾರಸ್ಯದ್ದು ಸ್ಟ್ಯಾಗರ್, ಅಂದರೆ ಹೊರಗಿನ ಲೇನಿನವರನ್ನು ಮುಂದೆ ನಿಲ್ಲಿಸುವ ಅಂತರ. ಟಿ.ವಿ.ಯಲ್ಲಿ 400 ಮೀಟರ್ ಓಟ ನೋಡುವವರಿಗೆ ಎಂಟನೇ ಲೇನಿನ ಓಟಗಾರ ಯಾಕೆ ಅಷ್ಟು ಮುಂದೆ ನಿಂತಿದ್ದಾನೆ ಎಂದು ಒಮ್ಮೆಯಾದರೂ ಅನ್ನಿಸಿರುತ್ತದೆ. ಲೇನಿನ ಅಗಲ 1.22 ಮೀಟರ್. ತ್ರಿಜ್ಯ ಅಷ್ಟು ಹೆಚ್ಚಿದರೆ ಪರಿಧಿ ಎರಡು ಪೈ ಪಟ್ಟು, ಅಂದರೆ ಸುಮಾರು 7.67 ಮೀಟರ್ ಹೆಚ್ಚುತ್ತದೆ. ಎರಡನೇ ಲೇನಿಗೆ ಮಾತ್ರ ಇದು 7.04, ಯಾಕೆಂದರೆ ಮೊದಲ ಲೇನನ್ನು 30 ಸೆಂಟಿಮೀಟರ್ ಹೊರಗೆ ಅಳೆದರೆ ಉಳಿದವನ್ನು 20 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ. ಎಂಟನೇ ಲೇನಿಗೆ ಬರುವಷ್ಟರಲ್ಲಿ ಅಂತರ ಸುಮಾರು 53 ಮೀಟರ್. ಇನ್ನು ಹಳ್ಳಿಯ ಶಾಲೆಯಲ್ಲಿ ಜಾಗ ಸಾಲದೆ 200 ಮೀಟರ್ ಟ್ರ್ಯಾಕ್ ಹಾಕಿದ್ದಾರೆ ಅನ್ನೋಣ. ಟ್ರ್ಯಾಕ್ ಅರ್ಧವಾಯಿತು, ಸ್ಟ್ಯಾಗರ್ ಎಷ್ಟಾಯಿತು? ತರಗತಿಯಲ್ಲಿ ಕೇಳಿದರೆ ಮುಕ್ಕಾಲು ಮಂದಿ ‘ಅರ್ಧ’ ಎಂದೇ ಕೂಗುತ್ತಾರೆ. ಒಂದು ಪೂರ್ತಿ ಸುತ್ತಿಗೆ ಅದು ಅಷ್ಟೇ ಇರುತ್ತದೆ, ಲೇನಿನಿಂದ ಲೇನಿಗೆ 7.67. ಸ್ಟ್ಯಾಗರ್‌ಗೆ ಬೇಕಾದದ್ದು ಲೇನಿನ ಅಗಲ ಮಾತ್ರ, ಮೈದಾನ ದೊಡ್ಡದೋ ಚಿಕ್ಕದೋ ಅದು ಕೇಳುವುದಿಲ್ಲ. ನಂಬದವರು ಟೇಪು ಹಿಡಿದು ಅಳೆದು ನೋಡಬಹುದು. ವೃತ್ತದ ಪರಿಧಿಯ ಸೂತ್ರ ಒಳಗೇನು ಹೇಳುತ್ತಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಯೋಗವನ್ನು ಗಣಿತದ ಪುಸ್ತಕದಲ್ಲಿ ಹುಡುಕಿದರೂ ಸಿಗುವುದು ಕಷ್ಟ.

ವಾಲಿಬಾಲ್ ಅಂಕಣವೂ ಹಾಗೆಯೇ. ಉದ್ದ 18, ಅಗಲ 9 ಮೀಟರ್. ನಡುಗೆರೆ ಎಳೆದರೆ ಎರಡು ಚೌಕ. ಮೂಲೆ ಸರಿಯಾಗಿ ಕೂತಿದೆಯೇ ಎಂದು ನೋಡಲು ಅನುಭವಸ್ಥ ದೈಹಿಕ ಶಿಕ್ಷಕರು ಕರ್ಣ ಅಳೆಯುತ್ತಾರೆ, 12.73 ಬರಬೇಕು. ಇದು ಒಂಬತ್ತನ್ನು ಎರಡರ ವರ್ಗಮೂಲದಿಂದ ಗುಣಿಸಿದಷ್ಟು. ಎರಡರ ವರ್ಗಮೂಲ ಅಭಾಗಲಬ್ಧ ಸಂಖ್ಯೆ ಎಂದು ಹತ್ತನೇ ತರಗತಿಯಲ್ಲಿ ಸಾಧಿಸಿ ತೋರಿಸಿ ಎಂದು ಕೇಳುತ್ತಾರೆ. ಅದು ಎಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಪಕ್ಕದ ಮೈದಾನದ ಗೆರೆ ಹೇಳುತ್ತದೆ. ಟೇಪಿಲ್ಲದ ಕಡೆ ಹಗ್ಗಕ್ಕೆ ಮೂರು, ನಾಲ್ಕು, ಐದು ಅಳತೆಯಲ್ಲಿ ಗಂಟು ಹಾಕಿ ಲಂಬಕೋನ ಹಿಡಿಯುವುದಂತೂ ಗಾರೆ ಕೆಲಸದವರಿಗೂ ಗೊತ್ತಿರುವ ವಿದ್ಯೆ.

ಇಷ್ಟೆಲ್ಲ ಲೆಕ್ಕ ಪ್ರತಿ ವರ್ಷ ನಡೆಯುತ್ತದೆ, ಮಕ್ಕಳು ಕಿಟಕಿಯೊಳಗಿಂದ ನೋಡುತ್ತಿರುತ್ತಾರೆ. ಅದೇ ಹೊತ್ತಿಗೆ ಕಪ್ಪುಹಲಗೆಯ ಮೇಲೆ ವೃತ್ತದ ಪಾಠ ನಡೆದಿರುತ್ತದೆ. ಎರಡರ ನಡುವೆ ಇರುವುದು ಒಂದು ಗೋಡೆ.

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ದೂರ ಮತ್ತು ಸ್ಥಾನಪಲ್ಲಟದ ವ್ಯತ್ಯಾಸ ಬರುತ್ತದೆ. ಒಂದು ಸುತ್ತು ಓಡಿ ಹೊರಟಲ್ಲಿಗೇ ಬಂದು ನಿಂತವನು 400 ಮೀಟರ್ ದೂರ ಕ್ರಮಿಸಿದ್ದರೂ ಸ್ಥಾನಪಲ್ಲಟ ಸೊನ್ನೆ. ಇದನ್ನು ಎಲ್ಲ ಶಿಕ್ಷಕರೂ ಹೇಳುತ್ತಾರೆ. ಎಂಟನೇ ಲೇನಿನವನದ್ದು ಎಷ್ಟು ಎಂದು ಕೇಳುವವರು ಕಡಿಮೆ. ಅವನು ಮುಂದಿನಿಂದ ಹೊರಟು ಎಲ್ಲರ ಜೊತೆ ಒಂದೇ ಗೆರೆಯಲ್ಲಿ ಮುಗಿಸುತ್ತಾನೆ. ಅವನ ಸ್ಥಾನಪಲ್ಲಟ ಸೊನ್ನೆಯಲ್ಲ. ಹಾಗಾದರೆ 53 ಮೀಟರೇ? ಅದೂ ಅಲ್ಲ, ಯಾಕೆಂದರೆ ಆ 53 ಮೀಟರ್ ಬಾಗಿದ ದಾರಿಯಲ್ಲಿ ಅಳೆದದ್ದು, ನೇರ ಅಳೆದರೆ ಇನ್ನೂ ಕಡಿಮೆ. ಹೀಗೆ ಪ್ರಶ್ನೆಯಿಂದ ಪ್ರಶ್ನೆ ಹುಟ್ಟುತ್ತದೆ. ನೋಟ್ಸ್‌ನಲ್ಲಿ ಬರೆಸುವ ವ್ಯಾಖ್ಯೆಗೆ ಈ ಗುಣವಿಲ್ಲ.

ಗಣಿತ, ವಿಜ್ಞಾನಗಳಿಗೆ ಸರಿ, ಕನ್ನಡಕ್ಕೇನು ಮಾಡುವುದು ಎಂಬ ಪ್ರಶ್ನೆ ಸಹಜ. ಛಂದಸ್ಸು ಇದೆಯಲ್ಲ. ಪ್ರೌಢಶಾಲೆಯ ಮಕ್ಕಳು ಪ್ರಸ್ತಾರ ಹಾಕುವುದೆಂದರೆ ಬೆಚ್ಚುತ್ತಾರೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಉರು ಹೊಡೆದು, ಅಕ್ಷರದ ನೆತ್ತಿಯ ಮೇಲೆ ಗೆರೆ ಎಳೆದು, ಕೊನೆಗೆ ಒಂದು ಮಾತ್ರೆ ಹೆಚ್ಚೋ ಕಡಿಮೆಯೋ ಆಗಿ ಅಳಿಸುತ್ತಾರೆ. ಛಂದಸ್ಸು ಮೂಲತಃ ಕಿವಿಗೂ ಕಾಲಿಗೂ ಸೇರಿದ್ದು. ಲಘುವಿಗೆ ಒಂದು ಹೆಜ್ಜೆ ಹಾಕಿ, ಗುರುವಿಗೆ ಹೆಜ್ಜೆಯೂರಿ ಒಂದು ಎಣಿಕೆ ನಿಂತು ಮುಂದೆ ಹೋದರೆ ಅಂಗಳವೇ ಪ್ರಸ್ತಾರದ ಹಾಳೆಯಾಗುತ್ತದೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೇ ಸಾಲುಗಳು ಮೂರು-ನಾಲ್ಕು, ಮೂರು-ನಾಲ್ಕು ಎಂದು ಹದಿನಾಲ್ಕು ಮಾತ್ರೆ ನಡೆಯುತ್ತವೆ. ಮೂರನೇ ಮತ್ತು ಆರನೇ ಸಾಲು ಮೂರು-ನಾಲ್ಕನ್ನು ಮೂರು ಸಲ ಹಾಕಿ, ಕೊನೆಗೊಂದು ಗುರುವಿನ ಮೇಲೆ ನಿಲ್ಲುತ್ತವೆ. ಪದ್ಯಕ್ಕೆ ಒಟ್ಟು 102 ಮಾತ್ರೆ. ಈ ನಡಿಗೆಯನ್ನು ನಾಲ್ಕು ಸಾಲು ನಡೆದು ನೋಡಿದ ಹುಡುಗನಿಗೆ ಮೂರನೇ ಸಾಲಿನ ತುದಿಯಲ್ಲಿ ಯಾಕೆ ಉಸಿರು ನಿಲ್ಲುತ್ತದೆ ಎಂದು ವಿವರಿಸಬೇಕಾಗಿಲ್ಲ. ಉಡುಪಿ ಜಿಲ್ಲೆಯ ಹಲವು ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಾರೆ. ಅಲ್ಲಿ ತ್ರಿವುಡೆ ತಾಳದ ಏಳು ಎಣಿಕೆಗೆ ಹೆಜ್ಜೆ ಹಾಕುವ ಮಕ್ಕಳಿಗೆ ಮೂರು ನಾಲ್ಕರ ಗಣ ಹೊಸ ಸಂಗತಿಯೇ ಅಲ್ಲ. ಅದೇ ಮಕ್ಕಳು ಕನ್ನಡದ ಪೀರಿಯಡ್‌ನಲ್ಲಿ ಯಮಾತಾರಾಜಭಾನಸಲಗಂ ಎಂದು ಗಟ್ಟುಹೊಡೆಯುವಾಗ ತಮ್ಮ ಕಾಲಿಗೆ ಗೊತ್ತಿರುವುದನ್ನು ನೆನೆಯುವಂತೆ ಯಾರಾದರೂ ಹೇಳಬೇಕಷ್ಟೆ.

ನಾಡಿಬಡಿತದ ಪಾಠಕ್ಕಂತೂ ಮೈದಾನವೂ ಬೇಡ. ಕೂತಲ್ಲಿ ಹದಿನೈದು ಸೆಕೆಂಡ್ ನಾಡಿ ಎಣಿಸಿ ನಾಲ್ಕರಿಂದ ಗುಣಿಸುವುದು, ಒಂದು ನಿಮಿಷ ನಿಂತಲ್ಲೇ ಓಡಿ ಮತ್ತೆ ಎಣಿಸುವುದು, ಮೊದಲಿನ ಮಟ್ಟಕ್ಕೆ ಇಳಿಯುವವರೆಗೆ ನಿಮಿಷಕ್ಕೊಮ್ಮೆ ಬರೆದಿಡುವುದು. ನಲವತ್ತು ಮಕ್ಕಳ ಅಂಕಿಗಳು ಕೈಯಲ್ಲಿದ್ದರೆ ಸರಾಸರಿ, ಮಧ್ಯಾಂಕ, ಬಹುಲಕ ಮೂರಕ್ಕೂ ಬೇಕಾದ ದತ್ತಾಂಶ ತಯಾರು. ಪುಸ್ತಕದ ಕಲ್ಪಿತ ಅಂಗಡಿಯ ಕಲ್ಪಿತ ಮಾರಾಟಕ್ಕಿಂತ ತನ್ನ ಎದೆಯ ಬಡಿತದ ಮೇಲೆ ಯಾವ ಮಗುವಿಗಾದರೂ ಹೆಚ್ಚು ಆಸಕ್ತಿ.

ಇವು ಇಲ್ಲಿನ ಉದಾಹರಣೆಗಳು. ಮೈ ಆಡಿಸಿ ಕಲಿತರೆ ಎಷ್ಟು ಲಾಭ ಎಂದು ಹೊರದೇಶಗಳಲ್ಲಿ ಅಳೆದು ನೋಡಿದವರೂ ಇದ್ದಾರೆ. ನೆದರ್‌ಲೆಂಡ್ಸ್‌ನ ಉತ್ತರ ಭಾಗದ 12 ಶಾಲೆಗಳಲ್ಲಿ ಗ್ರೋನಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು 499 ಮಕ್ಕಳ ಮೇಲೆ ಎರಡು ವರ್ಷ ಅಧ್ಯಯನ ಮಾಡಿ, 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧದಷ್ಟು ತರಗತಿಗಳಿಗೆ ಮಾಮೂಲು ಪಾಠ. ಉಳಿದವಕ್ಕೆ ವಾರಕ್ಕೆ ಮೂರು ಸಲ, ಇಪ್ಪತ್ತು ಮೂವತ್ತು ನಿಮಿಷ ಜಿಗಿಯುತ್ತ ಕಲಿಯುವ ಗಣಿತ ಮತ್ತು ಭಾಷೆ. ಎರಡು ಮೂರಲಿ ಎಷ್ಟು ಎಂದರೆ ಆರು ಸಲ ಜಿಗಿಯಬೇಕು, ಪದದ ಕಾಗುಣಿತ ಹೇಳುವಾಗ ಅಕ್ಷರಕ್ಕೊಂದು ಜಿಗಿತ. ಎರಡು ವರ್ಷದ ಕೊನೆಗೆ ಜಿಗಿದವರು ಗಣಿತದಲ್ಲೂ ಕಾಗುಣಿತದಲ್ಲೂ ಕೂತವರಿಗಿಂತ ಸುಮಾರು ನಾಲ್ಕು ತಿಂಗಳ ಕಲಿಕೆಯಷ್ಟು ಮುಂದಿದ್ದರು. ಓದುವ ಸಾಮರ್ಥ್ಯದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಇಷ್ಟಕ್ಕೇ ಚಪ್ಪಾಳೆ ತಟ್ಟಿ ಏಳುವುದು ಬೇಡ. ಡೆನ್ಮಾರ್ಕ್ 2014ರ ಶಾಲಾ ಸುಧಾರಣೆಯಲ್ಲಿ ದಿನಕ್ಕೆ ಸರಾಸರಿ 45 ನಿಮಿಷದ ದೈಹಿಕ ಚಟುವಟಿಕೆಯನ್ನು ಕಡ್ಡಾಯ ಮಾಡಿದ ದೇಶ. ಅಲ್ಲಿನ ಕೋಪನ್‌ಹೇಗನ್ ಪ್ರದೇಶದಲ್ಲಿ ಒಂದನೇ ತರಗತಿಯ 165 ಮಕ್ಕಳಿಗೆ ಆರು ವಾರ ಮೂರು ರೀತಿಯಲ್ಲಿ ಗಣಿತ ಕಲಿಸಿ ನೋಡಿದರು. ಇಡೀ ಮೈ ಆಡಿಸುತ್ತ, ಬೆರಳುಗಳಿಂದ ಲೆಗೊ ತುಂಡು ಜೋಡಿಸುತ್ತ, ಮತ್ತು ಮಾಮೂಲಿನಂತೆ ಕೂತು. ಮೈ ಆಡಿಸಿದವರಿಗೆ ಬೆರಳಾಡಿಸಿದವರಿಗಿಂತ ಹೆಚ್ಚು ಲಾಭವಾಯಿತು. ಆದರೆ ಆ ಲಾಭ ಕಂಡದ್ದು ಮೊದಲೇ ಗಣಿತದಲ್ಲಿ ತಕ್ಕಮಟ್ಟಿಗೆ ಇದ್ದ ಮಕ್ಕಳಲ್ಲಿ. ಹಿಂದುಳಿದವರು ಹಿಂದೆಯೇ ಉಳಿದರು. ಇನ್ನು ಅಮೆರಿಕದ ಕ್ಯಾನ್ಸಸ್‌ನಲ್ಲಿ 17 ಪ್ರಾಥಮಿಕ ಶಾಲೆಗಳಲ್ಲಿ ಮೂರು ವರ್ಷ ನಡೆದ ಅಧ್ಯಯನದ ವರದಿ 2017ರಲ್ಲಿ ಬಂತು. ಮೈ ಆಡಿಸುತ್ತ ಕಲಿತವರ ಅಂಕ ಹೆಚ್ಚಲೂ ಇಲ್ಲ, ಇಳಿಯಲೂ ಇಲ್ಲ. ಇಲಿನಾಯ್ ರಾಜ್ಯದ ನೇಪರ್‌ವಿಲ್ ಎಂಬ ಊರಿನ ಕಥೆಯನ್ನು ಪ್ರೇರಣಾ ಭಾಷಣಕಾರರು ಬಹಳ ಹೇಳುತ್ತಾರೆ. ಮಕ್ಕಳು ಬೆಳಿಗ್ಗೆ ಓಡಿದರು, 1999ರ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಲೋಕದಲ್ಲೇ ಮೊದಲಿಗರಾದರು ಎಂದು. ಅದು ಅನುಕೂಲಸ್ಥರ ಊರು ಎಂಬುದನ್ನು ಅವರು ಹೇಳುವುದಿಲ್ಲ.

ಹಾಗಾದರೆ ಉಳಿಯುವ ಮಾತೇನು? ಕೆನಡಾದ ಕ್ವಿಬೆಕ್ ಪ್ರಾಂತ್ಯದ ಟ್ರೊಆ ರಿವಿಯೇರ್‌ನಲ್ಲಿ 1970ರ ದಶಕದಲ್ಲೇ ಪ್ರಾಥಮಿಕ ಶಾಲಾ ಮಕ್ಕಳಿಗೆ ವಾರಕ್ಕೆ ಐದು ಗಂಟೆ ಹೆಚ್ಚುವರಿ ದೈಹಿಕ ಶಿಕ್ಷಣ ಕೊಟ್ಟು, ಅಷ್ಟು ಸಮಯವನ್ನು ಉಳಿದ ಪಾಠಗಳಿಂದ ಕಡಿತ ಮಾಡಿ ವರ್ಷಗಟ್ಟಲೆ ನೋಡಿದರು. ಪಾಠದ ಸಮಯ ಕಡಿಮೆಯಾದರೂ ಕಲಿಕೆ ಕುಸಿಯಲಿಲ್ಲ. ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟರೆ ಆಟದಿಂದ ಅಂಕ ಏರುತ್ತದೆ ಎಂದು ಎದೆ ತಟ್ಟಿ ಹೇಳಲಾಗದು. ಆಟಕ್ಕೆ ಕೊಟ್ಟ ಸಮಯದಿಂದ ಪಾಠ ಹಾಳಾಗುತ್ತದೆ ಎಂಬ ಭಯಕ್ಕೆ ಮಾತ್ರ ಆಧಾರವಿಲ್ಲ. ನಮ್ಮ ಶಾಲೆಗಳಲ್ಲಿ ಪಿ.ಟಿ. ಪೀರಿಯಡ್ ನುಂಗುವವರ ವಾದ ನಿಂತಿರುವುದೇ ಆ ಭಯದ ಮೇಲೆ.

ಅಂಕದ ಆಚೆಗೂ ಒಂದು ಲೆಕ್ಕವಿದೆ. ಐದರಿಂದ ಹದಿನೇಳು ವಯಸ್ಸಿನವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆಯಲ್ಲಿ ತೊಡಗಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ 11ರಿಂದ 17 ವಯಸ್ಸಿನ ಶಾಲಾ ಮಕ್ಕಳಲ್ಲಿ ಶೇ 81ರಷ್ಟು ಮಂದಿ ಈ ಮಟ್ಟ ಮುಟ್ಟುತ್ತಿಲ್ಲ. ಹುಡುಗರಲ್ಲಿ ಶೇ 78, ಹುಡುಗಿಯರಲ್ಲಿ ಶೇ 85. ಕೊನೆಯ ಅಂಕಿ ನಮ್ಮ ಊರುಗಳಲ್ಲಿ ಕಣ್ಣಿಗೇ ಕಾಣುತ್ತದೆ. ಐದನೇ ತರಗತಿವರೆಗೆ ಹುಡುಗರ ಸಮಕ್ಕೆ ಲಗೋರಿ ಆಡುತ್ತಿದ್ದ ಹುಡುಗಿಯರು ಎಂಟನೇ ತರಗತಿಗೆ ಬರುವಷ್ಟರಲ್ಲಿ ಮೈದಾನದ ಅಂಚಿನ ಮರದ ಕೆಳಗೆ ಕೂತಿರುತ್ತಾರೆ. ಗಣಿತ ಅಥವಾ ವಿಜ್ಞಾನದ ಪಾಠವೇ ಹೊರಗೆ ನಡೆದರೆ ಎಲ್ಲರೂ ಏಳಲೇಬೇಕು. ‘ಇವತ್ತು ಆಡಲ್ಲ ಮೇಡಂ’ ಎಂಬ ಮಾತಿಗೆ ಅಲ್ಲಿ ಅಷ್ಟು ಸುಲಭದ ಜಾಗವಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊ-ಖೊ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಶಾಲೆಯ ಅಂಗಳದಲ್ಲಿ ಏಳದ ಹುಡುಗಿಗೆ ಇಂಥವರ ಹೆಸರು ಪತ್ರಿಕೆಯ ಸುದ್ದಿಯಾಗಿಯೇ ಉಳಿಯುತ್ತದೆ.

ಕರ್ನಾಟಕಕ್ಕೆ ಈ ವಿಚಾರ ಹೊಸದಲ್ಲ ಎಂಬುದನ್ನೂ ನೆನಪಿಸಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ, ಆಂಧ್ರದ ಋಷಿವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು, ನಲಿ-ಕಲಿ ಶುರುವಾಯಿತು. ಬೆಂಚು ತೆಗೆದರು, ಮಕ್ಕಳನ್ನು ಗುಂಪಾಗಿ ನೆಲದ ಮೇಲೆ ಕೂರಿಸಿದರು, ಕಾರ್ಡು, ಹಾಡು, ಆಟ, ಅಭಿನಯಗಳಲ್ಲಿ ಪಾಠ ಹಂಚಿದರು. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿವರೆಗೆ ಹರಡಿತು. ಅದರ ಗುಣದೋಷಗಳ ಬಗ್ಗೆ ಶಿಕ್ಷಕರಲ್ಲೇ ಎರಡು ಅಭಿಪ್ರಾಯಗಳಿವೆ, ದಾಖಲೆ ಬರೆಯುವ ಹೊರೆಯ ಬಗ್ಗೆ ಒಂದೇ ಅಭಿಪ್ರಾಯವಿದೆ. ಅದೇನೇ ಇರಲಿ, ಎದ್ದು ಓಡಾಡಿ ಕಲಿಯುವುದು ಕಲಿಕೆಯೇ ಎಂದು ಒಂದು ರಾಜ್ಯ ಅಧಿಕೃತವಾಗಿ ಒಪ್ಪಿಕೊಂಡ ಸಂದರ್ಭ ಅದು. ವಿಚಿತ್ರವೆಂದರೆ ಆ ಒಪ್ಪಿಗೆ ಮೂರನೇ ತರಗತಿಯ ಕೊನೆಯ ದಿನ ಮುಗಿದುಹೋಗುತ್ತದೆ. ನಾಲ್ಕಕ್ಕೆ ಕಾಲಿಟ್ಟ ಮಗು ಬೆಂಚಿಗೆ ಅಂಟಿಕೊಳ್ಳಬೇಕು. ಒಂಬತ್ತು ವರ್ಷ ತುಂಬುತ್ತಿದ್ದಂತೆ ಮೈಗೂ ಬುದ್ಧಿಗೂ ನಂಟು ಕಳಚಿತು ಎಂದು ಯಾವ ಶಾಸ್ತ್ರ ಹೇಳಿದೆಯೋ ತಿಳಿಯದು.

ಬೆಸುಗೆಯ ಉತ್ಸಾಹದಲ್ಲಿ ಮರೆಯಬಾರದ ಒಂದು ಮಾತಿದೆ. ಜಿಗಿಯುತ್ತ ಮಗ್ಗಿ ಹೇಳುವುದು ಒಳ್ಳೆಯ ಗಣಿತ ಪಾಠ ಇರಬಹುದು, ಅದು ದೈಹಿಕ ಶಿಕ್ಷಣವಲ್ಲ. ಚೌಕಾಬಾರದ ನಾಲ್ಕು ಕವಡೆಗಳಿಂದ ಸಂಭವನೀಯತೆ ಕಲಿಸಬಹುದು, ಕಲಿಸಬೇಕು ಕೂಡ, ಆದರೆ ಚೌಕಾಬಾರ ಕೂತು ಆಡುವ ಆಟ. ಬಿದ್ದಾಗ ಪೆಟ್ಟಾಗದಂತೆ ಉರುಳುವುದು, ಬರುವ ಚೆಂಡಿಗೆ ಕೈ ಹೊಂದಿಸುವುದು, ಕಬಡ್ಡಿಯ ಮೂವತ್ತು ಸೆಕೆಂಡಿನ ರೇಡ್‌ನಲ್ಲಿ ಉಸಿರು ಹಿಡಿದು ಎದುರಾಳಿಯ ಕಾಲನ್ನು ಗಮನಿಸುವುದು, ಸೋತ ಮೇಲೆ ಎದುರು ತಂಡಕ್ಕೆ ಕೈ ಕೊಡುವುದು, ಇವು ತಮ್ಮಷ್ಟಕ್ಕೇ ಕಲಿಕೆಗಳು. ಗಣಿತಕ್ಕೆ ಉಪಯೋಗ ಎಂಬ ಕಾರಣಕ್ಕಷ್ಟೇ ಆಟಕ್ಕೆ ಬೆಲೆ ಕಟ್ಟಿದರೆ, ನಾಳೆ ಉಪಯೋಗವಿಲ್ಲ ಎಂದು ಒಂದು ಅಧ್ಯಯನ ಬಂದಾಗ ಆಟವನ್ನು ಮನೆಗೆ ಕಳಿಸಬೇಕಾಗುತ್ತದೆ. ಕ್ಯಾನ್ಸಸ್‌ನ ವರದಿ ಈಗಾಗಲೇ ಬಂದಿದೆಯಲ್ಲ.

ಇಲ್ಲಿ ಮತ್ತೆ ದೈಹಿಕ ಶಿಕ್ಷಕರ ಸ್ಥಾನಮಾನದ ಪ್ರಶ್ನೆಗೆ ಬರಬೇಕು. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಅವರ ವಿಷಯಕ್ಕೆ ಒಂದೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಬೇಕೆನ್ನುತ್ತದೆ. ಆಡಿಸುವವರ ವಿಷಯಕ್ಕೆ ಬಂದರೆ ಕೈ ಬಿಗಿ ಮಾಡುತ್ತದೆ. ಆರರಿಂದ ಎಂಟನೇ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಮಾತ್ರ ಬೋಧಕರು, ಅದೂ ಅರೆಕಾಲಿಕ. ಒಂದರಿಂದ ಐದಕ್ಕೆ ಆ ಸೊಲ್ಲೂ ಇಲ್ಲ. ತಮ್ಮನ್ನು ಸಹ ಶಿಕ್ಷಕರೆಂದು ಪರಿಗಣಿಸಬೇಕು, ದೈಹಿಕ ಶಿಕ್ಷಣದ ಕುರಿತ ಪ್ರೊ. ಎಲ್.ಆರ್. ವೈದ್ಯನಾಥನ್ ವರದಿಯನ್ನು ಜಾರಿ ಮಾಡಬೇಕು ಎಂದು ರಾಜ್ಯದ ದೈಹಿಕ ಶಿಕ್ಷಕರು ಎಷ್ಟೋ ವರ್ಷಗಳಿಂದ ಮನವಿ ಕೊಡುತ್ತಲೇ ಬಂದಿದ್ದಾರೆ. ಶಾಲೆಯೊಳಗೆ ಅವರ ಪಾಲಿಗೆ ಬರುವ ಕೆಲಸ ಗೊತ್ತಿರುವುದೇ: ಪ್ರಾರ್ಥನೆಗೆ ಸಾಲು ನಿಲ್ಲಿಸುವುದು, ಶಿಸ್ತು ಕಾಯುವುದು, ಸ್ವಾತಂತ್ರ್ಯ ದಿನಕ್ಕೆ ಪಥಸಂಚಲನ, ಯಾರಾದರೂ ರಜೆ ಹಾಕಿದರೆ ಆ ತರಗತಿಯ ಗದ್ದಲ ಅಡಗಿಸುವುದು. ಇವರ ಬಳಿ ವೃತ್ತದ ಪಾಠವಿದೆ ಎಂದು ಗಣಿತದವರಿಗೆ ಅನ್ನಿಸದಿದ್ದರೆ ತಪ್ಪು ಪೂರ್ತಿ ಗಣಿತದವರದ್ದಲ್ಲ. ಬಿ.ಇಡಿ. ಓದುವವರು ಒಂದು ಕಾಲೇಜಿನಲ್ಲಿ, ಬಿ.ಪಿ.ಇಡಿ. ಓದುವವರು ಇನ್ನೊಂದರಲ್ಲಿ. ಒಬ್ಬರ ಪಾಠಯೋಜನೆಯನ್ನು ಇನ್ನೊಬ್ಬರು ನೋಡುವ ಪ್ರಸಂಗವೇ ತರಬೇತಿಯಲ್ಲಿ ಒದಗುವುದಿಲ್ಲ.

ಸಿ.ಬಿ.ಎಸ್.ಇ. 2018ರಲ್ಲಿ ಒಂದು ಹೆಜ್ಜೆ ಇಟ್ಟಿತು. ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ದಿನಕ್ಕೊಂದು ಪೀರಿಯಡ್ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಕಡ್ಡಾಯ ಎಂದಿತು. ಕಾಗದದ ಮೇಲೆ ಒಳ್ಳೆಯ ಆದೇಶ. ಎಷ್ಟು ಶಾಲೆಗಳಲ್ಲಿ ಆ ಪೀರಿಯಡ್ ಮೈದಾನದಲ್ಲಿ ಕಳೆಯುತ್ತದೆ ಎಂಬುದನ್ನು ಆಯಾ ಶಾಲೆಯ ಮಕ್ಕಳನ್ನೇ ಕೇಳಬೇಕು.

ಕಷ್ಟಗಳಿಲ್ಲ ಎಂದಲ್ಲ. ಬೆಂಗಳೂರಿನ ಎಷ್ಟೋ ಖಾಸಗಿ ಶಾಲೆಗಳಿಗೆ ಅಂಗಳವೆಂದರೆ ಬಸ್ಸು ನಿಲ್ಲುವ ಜಾಗ. ರಾಯಚೂರು, ಕಲಬುರಗಿಯಲ್ಲಿ ಮಾರ್ಚ್ ಹೊತ್ತಿಗೆ ಹತ್ತು ಗಂಟೆಯ ಬಿಸಿಲಿಗೇ ಹೊರಗೆ ನಿಲ್ಲಲಾಗುವುದಿಲ್ಲ. ಮಲೆನಾಡಿನಲ್ಲಿ ಜುಲೈ ಪೂರ್ತಿ ಮೈದಾನ ಕೆಸರುಗದ್ದೆ. ಎಪ್ಪತ್ತು ಮಕ್ಕಳ ತರಗತಿಯನ್ನು ಹೊರಗೆ ಕರೆದೊಯ್ದು ಮತ್ತೆ ಒಳಗೆ ಕೂರಿಸುವಷ್ಟರಲ್ಲೇ ನಲವತ್ತು ನಿಮಿಷ ಮುಗಿಯುತ್ತದೆ ಎಂದು ಶಿಕ್ಷಕರು ಹೇಳಿದರೆ ಅದು ನೆಪವಲ್ಲ. ಅದಕ್ಕೇ ವಾರವಾರ ಎಲ್ಲ ವಿಷಯಗಳನ್ನೂ ಆಟಕ್ಕೆ ಜೋಡಿಸಬೇಕೆಂಬ ಸುತ್ತೋಲೆ ಹೊರಟರೆ ಅದು ಮತ್ತೊಂದು ರಿಜಿಸ್ಟರ್ ತುಂಬಿಸುವ ಕೆಲಸವಾಗುತ್ತದೆ. ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಮುಗಿಯಿತು.

ವರ್ಷಕ್ಕೆ ಎಂಟು ಹತ್ತು ಪಾಠ ಸಾಕು. ಕ್ರೀಡಾಕೂಟಕ್ಕೆ ಟ್ರ್ಯಾಕ್ ಹಾಕುವ ದಿನ ಒಂಬತ್ತು, ಹತ್ತನೇ ತರಗತಿಯವರು ಗಣಿತ ಶಿಕ್ಷಕರ ಜೊತೆ ಮೈದಾನದಲ್ಲಿರಲಿ. ಲೆಕ್ಕ ಮಕ್ಕಳದು, ಗೂಟ ಹೊಡೆಯುವುದೂ ಮಕ್ಕಳದು, ತಪ್ಪಿದ್ದರೆ ತಿದ್ದುವವರು ದೈಹಿಕ ಶಿಕ್ಷಕರು. ಷಟ್ಪದಿಯ ಪಾಠ ಬಂದಾಗ ಕನ್ನಡದವರು ಒಂದು ಪೀರಿಯಡ್ ಅಂಗಳಕ್ಕೆ ಬರಲಿ, ಮಳೆಯಿದ್ದರೆ ಶಾಲೆಯ ಉದ್ದನೆಯ ಜಗಲಿಯೇ ಸಾಕು. ನಾಡಿಬಡಿತದ ಪಾಠ ತರಗತಿಯೊಳಗೇ ನಡೆಯಲಿ. ಬಯಲುಸೀಮೆಯಲ್ಲಿ ಬೇಸಿಗೆಯ ಬೆಳಗಿನ ಶಾಲೆ ಇರುವಾಗ ಎಂಟು ಗಂಟೆಯ ಮೊದಲ ಪೀರಿಯಡ್ ಹೊರಗಿನ ಪಾಠಕ್ಕೆ ಹೇಳಿಮಾಡಿಸಿದ ಹೊತ್ತು. ಈ ಪೀರಿಯಡ್‌ಗಳೆಲ್ಲ ಆಯಾ ವಿಷಯದ ಖಾತೆಯಿಂದಲೇ ಖರ್ಚಾಗಬೇಕು, ಪಿ.ಟಿ.ಯದ್ದನ್ನು ಮುಟ್ಟಬಾರದು. ಜೂನ್ ಮೊದಲ ವಾರ ಮುಖ್ಯಶಿಕ್ಷಕರು ವೇಳಾಪಟ್ಟಿ ಬರೆಯಲು ಕೂರುವಾಗ ಈ ಷರತ್ತನ್ನು ಮೊದಲು ಬರೆದು, ಆಮೇಲೆ ಉಳಿದ ಚೌಕಗಳನ್ನು ತುಂಬಿದರೆ ಆಗಬಹುದು. ಆ ಹೊತ್ತಿಗೆ ಗಣಿತದವರ ಪಕ್ಕದ ಕುರ್ಚಿಯಲ್ಲಿ ದೈಹಿಕ ಶಿಕ್ಷಕರೂ ಕೂತಿರಬೇಕು. ಹೋಬಳಿ ಕ್ರೀಡಾಕೂಟ ಯಾವ ತಿಂಗಳು, ಟ್ರ್ಯಾಕ್ ಹಾಕುವುದು ಯಾವ ದಿನ ಎಂದು ಆ ಕೋಣೆಯಲ್ಲಿ ಗೊತ್ತಿರುವುದು ಅವರೊಬ್ಬರಿಗೇ.